ಕೊನೆಯ ವಾಲ್ವನ್ನು ತಿರುಗಿಸುವವರು ಯಾರು?

(ಕೇರಿಯ ಯುವಕರ ಅಧ್ಯಯನ ಶಿಬಿರದಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತುಸು ತಿದ್ದಿದೆ.)



ನೀರಿನ ಬಗ್ಗೆ ನಾಲ್ಕು ಮಾತಾಡಿ ಅಂತ ನಮ್ಮನ್ನು ಕರೆದಾಗ, ಇವರು ಕವನ ಓದೋ ಹುಡುಗರು, ಕೆರೆ ಬಾವಿ ಮೇಲೆ ಎರಡು ಪದ್ಯ ಓದಿ ಕೂತ್ಕೋತಾರೆ ಅಂತ ಕೆಲವರು ಅಂದುಕೊಂಡಿರಬಹುದು. ಇವತ್ತು ಪದ್ಯ ಇಲ್ಲ. ಇವತ್ತು ಒಂದು ವಾಲ್ವಿನ ವಿಚಾರ. ನಗಬೇಡಿ. ಸಾಹಿತ್ಯ ಓದಿದವರಿಗೆ ಛಂದಸ್ಸು, ಎಂಜಿನಿಯರಿಗೆ ಕೊಳವೆ, ಪೌರಕಾರ್ಮಿಕನಿಗೆ ಚರಂಡಿ ಅಂತ ಹಂಚಿಕೊಟ್ಟಿರುವುದೇ ಈ ವ್ಯವಸ್ಥೆಯ ಜಾಣತನ. ಕುಡಿಯುವ ನೀರು ಹರಿಯುವ ಕೊಳವೆಯ ಒಳಗೆ ಏನಿದೆ ಅಂತ ಕುಡಿಯುವವನು ಕೇಳಬಾರದು, ಅಷ್ಟೆ.

ಕೆರೆ ಬಾವಿ ಮುಟ್ಟುವ ಹಕ್ಕಿಗಾಗಿ ನಮ್ಮ ಹಿರಿಯರು ಏಟು ತಿಂದರು. ಈಗ ನಲ್ಲಿ ಬಂದಿದೆ. ನಲ್ಲಿಗೆ ಜಾತಿ ಇಲ್ಲ, ಕಬ್ಬಿಣಕ್ಕೆ ಮೈಲಿಗೆ ಇಲ್ಲ ಅಂತಾರೆ. ಇರಬಹುದು. ಆದರೆ ಕೊಳವೆಗೆ ಒಂದು ತಲೆ ಇದೆ, ಒಂದು ಬಾಲ ಇದೆ. ತಲೆ ಯಾರ ಮನೆ ಮುಂದೆ, ಬಾಲ ಯಾರ ಮನೆ ಮುಂದೆ ಅಂತ ಕೇಳಿದರೆ ಮಾತು ಬೇರೆಯಾಗುತ್ತದೆ.

ಯಾವುದಾದರೂ ಒಂದು ಸಣ್ಣ ಪಟ್ಟಣವನ್ನು ಮನಸ್ಸಿಗೆ ತಂದುಕೊಳ್ಳಿ. ಎತ್ತರದಲ್ಲಿ ಓವರ್‌ಹೆಡ್ ಟ್ಯಾಂಕು. ಅಲ್ಲಿಂದ ದಪ್ಪ ಕೊಳವೆ ಇಳಿದು ದೊಡ್ಡ ಬೀದಿ ಹಿಡಿಯುತ್ತದೆ. ಪೇಟೆ ಬೀದಿ, ದೇವಸ್ಥಾನದ ಬೀದಿ, ಆಮೇಲೆ ಹೊಸ ಬಡಾವಣೆ. ಎಲ್ಲ ಮುಗಿದ ಮೇಲೆ, ಯಾವುದೋ ಚುನಾವಣೆಯ ವರ್ಷ, ಮೋರಿ ದಾಟಿಸಿ ಒಂದು ಸಣ್ಣ ಕೊಳವೆಯನ್ನು ಕೇರಿಗೆ ಎಳೀತಾರೆ. ಅದು ಕೇರಿಯ ಕೊನೆ ಮನೆಯ ಹತ್ತಿರ ನಿಲ್ಲುತ್ತದೆ. ಬಾಯಿಗೆ ಒಂದು ಬಿರಡೆ ಹಾಕಿ ಮಣ್ಣು ಮುಚ್ಚುತ್ತಾರೆ. ಎಂಜಿನಿಯರುಗಳು ಅದನ್ನು ‘ಡೆಡ್ ಎಂಡ್’ ಅಂತ ಕರೀತಾರೆ. ಸತ್ತ ತುದಿ. ಹೆಸರಿಟ್ಟವನು ಯಾರೋ ಕವಿಯೇ ಇರಬೇಕು.

ಆ ತುದಿಯಲ್ಲಿ ಏನಾಗುತ್ತದೆ? ನೀರಿನ ಜೊತೆ ತುಕ್ಕು ಬರುತ್ತದೆ, ಮರಳಿನ ಕಣ ಬರುತ್ತದೆ, ಎಲ್ಲೋ ಕೊಳವೆ ಒಡೆದು ರಿಪೇರಿ ಮಾಡಿದಾಗ ಒಳಗೆ ಹೊಕ್ಕ ಮಣ್ಣು ಬರುತ್ತದೆ. ದೊಡ್ಡ ಬೀದಿಯಲ್ಲಿ ನೀರು ಜೋರಾಗಿ ಓಡುವುದರಿಂದ ಅಲ್ಲಿ ಇದು ಅಷ್ಟಾಗಿ ನಿಲ್ಲುವುದಿಲ್ಲ. ಬಾಲದಲ್ಲಿ ಓಟ ನಿಧಾನ. ಅಲ್ಲಿ ಗಸಿ ಕೂರುತ್ತದೆ. ಕೊಳವೆಯ ಒಳಮೈಗೆ ಲೋಳೆ ಕಟ್ಟುತ್ತದೆ. ಆ ಲೋಳೆಯಲ್ಲಿ ರೋಗಾಣುಗಳು ಸಂಸಾರ ಹೂಡುತ್ತವೆ. ಅವುಗಳನ್ನು ಕೊಲ್ಲಲೆಂದು ಟ್ಯಾಂಕಿನಲ್ಲಿ ಹಾಕಿದ ಕ್ಲೋರಿನ್ ದಾರಿಯುದ್ದಕ್ಕೂ ಗಸಿಯ ಜೊತೆ ಹೋರಾಡಿ ಹೋರಾಡಿ, ಕೇರಿ ಮುಟ್ಟುವ ಹೊತ್ತಿಗೆ ತೀರಿಹೋಗಿರುತ್ತದೆ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ, ಐಎಸ್ 10500, 2012ರ ಪರಿಷ್ಕರಣೆ, ಏನು ಹೇಳುತ್ತದೆ ಗೊತ್ತೆ? ಬಳಕೆದಾರನ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕು ಅಂತ. ಟ್ಯಾಂಕಿನಲ್ಲಿ ಅಲ್ಲ, ನಲ್ಲಿಯಲ್ಲಿ. ಟ್ಯಾಂಕಿನ ಕೆಳಗೆ ನಿಂತು ಪರೀಕ್ಷೆ ಮಾಡಿ ‘ಸರಿಯಾಗಿದೆ’ ಅಂತ ರಿಜಿಸ್ಟರು ತುಂಬಿದರೆ ಅದು ಟ್ಯಾಂಕಿನ ಆರೋಗ್ಯ, ನಮ್ಮದಲ್ಲ.

ಟ್ಯಾಂಕಿಗೂ ನಲ್ಲಿಗೂ ಎಷ್ಟು ವ್ಯತ್ಯಾಸ ಅಂತ ತಿಳಿಯೋಕೆ ದೂರ ಹೋಗಬೇಕಾಗಿಲ್ಲ. ಹುಬ್ಬಳ್ಳಿ ಧಾರವಾಡದಲ್ಲಿ ಕೆಲವು ವಾರ್ಡುಗಳಿಗೆ ದಿನವಿಡೀ ನೀರು ಕೊಡುವ ವ್ಯವಸ್ಥೆ ಬಂದಾಗ, ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಎಮಿಲಿ ಕುಂಪೆಲ್ ಮತ್ತು ಕಾರಾ ನೆಲ್ಸನ್ ಎಂಬಿಬ್ಬರು ಒಂದು ವರ್ಷ ನೀರು ಪರೀಕ್ಷೆ ಮಾಡಿ 2013ರಲ್ಲಿ ಪ್ರಕಟಿಸಿದರು. ಎರಡೂ ಕಡೆಯ ಸಂಗ್ರಹ ಟ್ಯಾಂಕುಗಳಲ್ಲಿ ನೀರು ಹೆಚ್ಚುಕಮ್ಮಿ ಒಂದೇ ಥರ ಇತ್ತು. ನಲ್ಲಿಗೆ ಬಂದಾಗ ನೋಡಿ: ದಿನವಿಡೀ ನೀರು ಬರುವ ಕಡೆ ನೂರಕ್ಕೆ 0.7 ಮಾದರಿಗಳಲ್ಲಿ ಮಾತ್ರ ಮಲದ ಗುರುತಾದ ಇ-ಕೋಲಿ ಸಿಕ್ಕಿತು. ಬಿಟ್ಟು ಬಿಟ್ಟು ನೀರು ಬರುವ ಕಡೆ ನೂರಕ್ಕೆ 31.7. ಟ್ಯಾಂಕು ಒಂದೇ ಥರ, ನೀರು ಒಂದೇ ಥರ. ಹೊಲಸಾದದ್ದು ಕೊಳವೆಯಲ್ಲಿ. ಮಳೆಗಾಲದಲ್ಲಿ ಅದು ಇನ್ನೂ ಹೆಚ್ಚು.

ಯಾಕೆ ಅಂದರೆ, ನೀರು ನಿಂತಾಗ ಕೊಳವೆ ಬರಿದಾಗುತ್ತದೆ. ಬರಿದಾದ ಕೊಳವೆ ಸುಮ್ಮನಿರುವುದಿಲ್ಲ, ಹೀರುತ್ತದೆ. ಸುತ್ತ ಏನಿದೆಯೋ ಅದನ್ನೇ ಹೀರುತ್ತದೆ. ನಮ್ಮ ಮನೆಗಳಿಗೆ ಬರುವ ಸಣ್ಣ ಪೈಪುಗಳು ಎಲ್ಲಿ ಹಾಯುತ್ತವೆ? ಮೋರಿಯ ಒಳಗೇ ಹಾಯುತ್ತವೆ. ಒಂದು ಕೀಲು ಸಡಿಲವಾದರೂ ಸಾಕು. ಮೇಲಿನ ಬೀದಿಯ ಸಾಹುಕಾರರು ಲೈನಿಗೇ ಮೋಟಾರು ಕೂರಿಸಿ ಎಳೆದರಂತೂ ಕೆಳಗಿನ ಕೇರಿಯ ಕೊಳವೆ ಮೋರಿ ನೀರು ಕುಡಿಯುತ್ತದೆ. ಮೂರು ದಿನಕ್ಕೋ ನಾಲ್ಕು ದಿನಕ್ಕೋ ನೀರು ಬಿಟ್ಟಾಗ ಮೊದಲು ಬರುವ ಬಗ್ಗಡ ಅದೇ. ನಮ್ಮ ಅವ್ವಂದಿರು ಮೊದಲ ಎರಡು ಕೊಡ ನೀರನ್ನು ಚೆಲ್ಲುತ್ತಾರಲ್ಲ, ಅವರಿಗೆ ಯಾವ ವಿಶ್ವವಿದ್ಯಾಲಯವೂ ಇದನ್ನು ಹೇಳಿಕೊಡಲಿಲ್ಲ. ಆದರೆ ಪುರಸಭೆ ಮಾಡಬೇಕಾದ ಕೆಲಸವನ್ನು ಅವರು ಬಿಂದಿಗೆಯಲ್ಲಿ ಮಾಡ್ತಾ ಇದ್ದಾರೆ. ಎರಡು ಬಿಂದಿಗೆಯಲ್ಲಿ ಕೊಳವೆ ತೊಳೆಯುವುದಿಲ್ಲ.

ಎಷ್ಟರಲ್ಲಿ ತೊಳೆಯುತ್ತದೆ? ಲೆಕ್ಕ ಹಾಕೋಣ. ನಾಲ್ಕಿಂಚಿನ ಕೊಳವೆ, ಮುನ್ನೂರು ಮೀಟರು ಉದ್ದ ಅಂತ ಇಟ್ಟುಕೊಳ್ಳಿ. ಅದರ ಹೊಟ್ಟೆಯಲ್ಲೇ ಸುಮಾರು 2,350 ಲೀಟರು ನೀರು ಹಿಡಿಯುತ್ತದೆ. ಹದಿನೈದು ಲೀಟರಿನ ಕೊಡದಲ್ಲಿ ನೂರೈವತ್ತಕ್ಕೂ ಹೆಚ್ಚು ಕೊಡ. ಹಳೇ ನೀರು ಹೊರಗೆ ಹೋಗಲಿಕ್ಕೇ ಅಷ್ಟು ಬೇಕು. ಗಸಿ ಏಳಬೇಕಾದರೆ ನೀರು ಸುಮ್ಮನೆ ಹೋದರೆ ಸಾಲದು, ಸೆಕೆಂಡಿಗೆ ಒಂದೂವರೆ ಮೀಟರಿನಷ್ಟು ವೇಗದಲ್ಲಿ ಓಡಬೇಕು. ಅಂದರೆ ಆ ಕೊಳವೆಯ ಬಾಯಿಂದ ಸೆಕೆಂಡಿಗೆ ಹನ್ನೆರಡು ಲೀಟರು ನುಗ್ಗಬೇಕು. ಮನೆ ನಲ್ಲಿಯಲ್ಲಿ ಇದು ಸಾಧ್ಯವೇ ಇಲ್ಲ. ಅದಕ್ಕೇ ಕೊಳವೆಯ ತಗ್ಗಿನಲ್ಲಿ ಮತ್ತು ತುದಿಯಲ್ಲಿ ಒಂದು ದೊಡ್ಡ ಬಾಯಿ ಇಡಬೇಕು. ಅದರ ಹೆಸರು ವಾಶ್‌ಔಟ್ ವಾಲ್ವು. ಕೆಲವರು ಸ್ಕೌರ್ ವಾಲ್ವು ಅಂತಾರೆ. ನಾವು ತೊಳೆವಾಲ್ವು ಅನ್ನೋಣ. ಬೆಂಕಿ ಆರಿಸುವ ಹೈಡ್ರಂಟು ಇದ್ದರೆ ಅದರಿಂದಲೂ ಇದೇ ಕೆಲಸ ಆಗುತ್ತದೆ.

ಇವತ್ತಿನ ಮಾತು ಈ ತೊಳೆವಾಲ್ವಿನದು.

ತೊಳೆಯುವುದಕ್ಕೆ ಒಂದು ಕ್ರಮ ಇದೆ. ಟ್ಯಾಂಕಿನ ಹತ್ತಿರದ ಶುದ್ಧ ಕೊಳವೆಯಿಂದ ಶುರು ಮಾಡಬೇಕು. ಅಕ್ಕಪಕ್ಕದ ವಾಲ್ವುಗಳನ್ನೆಲ್ಲ ಮುಚ್ಚಿ, ನೀರು ಒಂದೇ ದಿಕ್ಕಿನಿಂದ ಒಂದೇ ಕೊಳವೆಯಲ್ಲಿ ಜೋರಾಗಿ ಓಡುವ ಹಾಗೆ ಮಾಡಬೇಕು. ಆ ಬೀದಿ ತೊಳೆದ ಮೇಲೆ ಮುಂದಿನ ಬೀದಿ, ಅದಾದ ಮೇಲೆ ಮುಂದಿನದು, ಕಟ್ಟಕಡೆಗೆ ತುದಿ. ಶುದ್ಧವಾದ ಕಡೆಯಿಂದ ಕೊಳೆಯ ಕಡೆಗೆ. ಜನ ನೀರು ಹಿಡಿಯದ ಹೊತ್ತಿನಲ್ಲಿ, ಮೊದಲೇ ಡಂಗುರ ಹೊಡೆಸಿ ಮಾಡಬೇಕು. ಈಗ ಗಮನಿಸಿ. ದೊಡ್ಡ ಬೀದಿಯವರೆಗೆ ತೊಳೆದು, ‘ಇವತ್ತಿಗೆ ಸಾಕು’ ಅಂತ ವಾಲ್ವುಗಳನ್ನು ಮೊದಲಿನಂತೆ ತೆರೆದು ಮನೆಗೆ ಹೋದರೆ? ಅಲ್ಲಿ ಸಡಿಲಾಗಿ ಉಳಿದ ಗಸಿ ಎಲ್ಲಿಗೆ ಹೋಗುತ್ತದೆ? ಕೆಳಗಿನ ಕೊಳವೆಗೆ. ಅರ್ಧ ತೊಳೆದರೆ ಮೇಲಿನ ಬೀದಿಯ ಕೊಳೆ ಕೇರಿಯ ಕೊಡಕ್ಕೆ ಬರುತ್ತದೆ. ಯಾರೂ ಕೆಟ್ಟ ಮನಸ್ಸಿನಿಂದ ಮಾಡಬೇಕಾಗಿಲ್ಲ, ಸೋಮಾರಿತನವೇ ಸಾಕು. ಸೋಮಾರಿತನಕ್ಕೂ ಜಾತಿಯ ದಾರಿ ಚೆನ್ನಾಗಿ ಗೊತ್ತು.

ತೊಳೆಯುವುದು ಅಂದರೆ ಏನು ಅಂತ ಈ ಸಮಾಜಕ್ಕೆ ಗೊತ್ತಿಲ್ಲ ಅಂತ ಹೇಳಬೇಡಿ. ಚೆನ್ನಾಗಿ ಗೊತ್ತು. ಮಹಾಡ್ ಪುರಸಭೆ ಚವದಾರ್ ಕೆರೆ ಎಲ್ಲರಿಗೂ ಮುಕ್ತ ಅಂತ 1924ರಲ್ಲೇ ಠರಾವು ಮಾಡಿತ್ತು. ಠರಾವು ಕಾಗದದಲ್ಲಿತ್ತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಡನೆ ನಡೆದುಹೋಗಿ ಆ ನೀರು ಕುಡಿದರು. ಆಮೇಲೆ ಏನು ಮಾಡಿದರು? 108 ಮಡಕೆ ನೀರು ಎತ್ತಿ, ಹಾಲು ಮೊಸರು ಸಗಣಿ ಗಂಜಲ ಬೆರೆಸಿ ಸುರಿದು ಕೆರೆಯನ್ನು ‘ಶುದ್ಧ’ ಮಾಡಿದರು. ಕೆರೆಯ ಮೇಲಿನ ಹಕ್ಕು ಮುಂಬಯಿ ಹೈಕೋರ್ಟಿನಲ್ಲಿ ಇತ್ಯರ್ಥವಾದದ್ದು 1937ರ ಮಾರ್ಚಿನಲ್ಲಿ. ಹತ್ತು ವರ್ಷ. ಇದು ಹಳೇ ಕಥೆ ಅನ್ನುವವರಿಗೆ ಹೊಸದೂ ಇದೆ. 2022ರ ನವೆಂಬರಿನಲ್ಲಿ ನಮ್ಮದೇ ಚಾಮರಾಜನಗರ ತಾಲ್ಲೂಕಿನ ಹೆಗ್ಗೊಠಾರದಲ್ಲಿ, ಮದುವೆಗೆ ಬಂದಿದ್ದ ನಮ್ಮ ಹೆಣ್ಣುಮಗಳೊಬ್ಬಳು ತೊಂಬೆಯ ನಲ್ಲಿಯಲ್ಲಿ ನೀರು ಕುಡಿದಳು ಅಂತ, ತೊಂಬೆಯ ನೀರನ್ನೆಲ್ಲ ಹರಿಯಬಿಟ್ಟು ಗಂಜಲದಿಂದ ತೊಳೆದರು. ಪತ್ರಿಕೆಗಳಲ್ಲಿ ಬಂತು, ತಹಸೀಲ್ದಾರರು ಬಂದರು, ಕೇಸಾಯಿತು.

ನೋಡಿ, ಆ ತೊಂಬೆಯ ನೀರನ್ನು ಪೂರಾ ಹೊರಗೆ ಬಿಡಲಿಕ್ಕೆ ಅವತ್ತು ಯಾರ ಅನುಮತಿಯೂ ಬೇಕಾಗಲಿಲ್ಲ. ನೀರು ದಂಡ ಆಗುತ್ತೆ ಅಂತ ಯಾರೂ ಹೇಳಲಿಲ್ಲ. ಆದರೆ ನಮ್ಮ ಕೇರಿಯ ಕೊಳವೆಯ ತುದಿ ತೆರೆದು ಐದು ನಿಮಿಷ ನೀರು ಬಿಡಿ ಅಂತ ನಾವು ಕೆಲವರು ಒಂದು ಕಚೇರಿಗೆ ಹೋಗಿ ಕೇಳಿದಾಗ ಬಂದ ಮೊದಲ ಮಾತೇ ಇದು: ‘ಕುಡಿಯೋಕೇ ನೀರಿಲ್ಲ, ಮೋರಿಗೆ ಬಿಡಿ ಅಂತೀರಲ್ರೀ?’

ಈ ಮಾತಿಗೆ ಲೆಕ್ಕದಲ್ಲೇ ಉತ್ತರ ಕೊಡಬೇಕು. ಸೆಕೆಂಡಿಗೆ ಹನ್ನೆರಡು ಲೀಟರಿನಂತೆ ಐದು ನಿಮಿಷಕ್ಕೆ 3,600 ಲೀಟರು. ಒಂದು ಟ್ಯಾಂಕರ್ ಲೋಡಿಗಿಂತ ಕಮ್ಮಿ. ಅಷ್ಟು ನೀರನ್ನು ಟ್ಯಾಂಕರಿಗೆ ತುಂಬಿಕೊಂಡು ಗಿಡಕ್ಕೆ, ರಸ್ತೆ ಕೆಲಸಕ್ಕೆ ಬಳಸಬಹುದು. ದಂಡ ಆಗಲೇಬೇಕು ಅಂತೇನಿಲ್ಲ. ಕೇರಿಗೆ ಭೇದಿ ಹತ್ತಿದ ಮೇಲೆ ಟ್ಯಾಂಕರುಗಳಲ್ಲಿ ನೀರು ತಂದು ಸುರಿಯುತ್ತಾರಲ್ಲ, ಅದರ ಲೆಕ್ಕ ಯಾರು ಇಡುತ್ತಾರೆ?

ಬೇರೆ ದೇಶಗಳಲ್ಲಿ ಇದಕ್ಕೆ ನಾನಾ ಉಪಾಯ ಮಾಡಿದ್ದಾರೆ. ಅಮೆರಿಕದ ಊರುಗಳಲ್ಲಿ ಸತ್ತ ತುದಿಗೆ ಗಡಿಯಾರವಿರುವ ಯಂತ್ರ ಕೂರಿಸುತ್ತಾರೆ, ಗೊತ್ತಾದ ಹೊತ್ತಿಗೆ ತಾನೇ ತೆರೆದು ಹಳೇ ನೀರು ಬಿಟ್ಟು ತಾನೇ ಮುಚ್ಚಿಕೊಳ್ಳುತ್ತದೆ. ಕೆಲವು ಕಡೆ ನೀರಿನ ಜೊತೆ ಗಾಳಿ ನುಗ್ಗಿಸಿ ಒಳಮೈ ಉಜ್ಜುತ್ತಾರೆ. ಇನ್ನು ಕೆಲವು ಕಡೆ ಸ್ಪಂಜಿನಂಥ ಉಂಡೆಯನ್ನು ಕೊಳವೆಯೊಳಗೆ ತುರುಕಿ ನೀರಿನ ಒತ್ತಡದಿಂದ ಆಚೆ ತಳ್ಳುತ್ತಾರೆ. ಅದಕ್ಕೆ ಎಂಜಿನಿಯರುಗಳು ಇಟ್ಟ ಹೆಸರು ‘ಪಿಗ್’, ಹಂದಿ! ನಮ್ಮವರು ಹಂದಿ ಸಾಕಿದರೆ ಪಟ್ಟಣದಿಂದ ಆಚೆ ಓಡಿಸುವ ನಗರಸಭೆಗಳಿಗೆ ಈ ಸಂಗತಿ ತಿಳಿಸಬೇಕು. ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾಲಯದಲ್ಲಂತೂ ಮಂಜುಗಡ್ಡೆಯ ಅಂಬಲಿಯನ್ನೇ ಕೊಳವೆಗೆ ಬಿಟ್ಟು ತೊಳೆಯುವ ವಿಧಾನ ಕಂಡುಹಿಡಿದರು. ಅದು ಎಲ್ಲೂ ಸಿಕ್ಕಿಕೊಳ್ಳುವುದಿಲ್ಲ, ಸಿಕ್ಕಿಕೊಂಡರೂ ಕರಗಿಹೋಗುತ್ತದೆ. ಇವೆಲ್ಲ ಕೇಳಲಿಕ್ಕೆ ಚಂದ. ನಮಗೆ ಮಂಜುಗಡ್ಡೆ ಬೇಡ. ಇರುವ ವಾಲ್ವನ್ನು ತಿರುಗಿಸಿದರೆ ಸಾಕು.

ಆ ವಾಲ್ವು ಎಲ್ಲಿದೆ ಅಂತ ಕೇಳಿ ನೋಡಿ. ಮೊದಲ ಪ್ರಶ್ನೆಗೇ ಕಚೇರಿ ತಡವರಿಸುತ್ತದೆ. ನಾವು ಹೋದ ಕಚೇರಿಯಲ್ಲಿ ನಕ್ಷೆ ಇರಲಿಲ್ಲ. ನಕ್ಷೆ ಇದ್ದದ್ದು ಒಬ್ಬ ವಾಲ್ವ್‌ಮನ್ ತಲೆಯೊಳಗೆ. ಹಳ್ಳಿಯಲ್ಲಿ ನೀರುಗಂಟಿ ಅಂತೀವಲ್ಲ, ಅವನೇ. ಆ ಅಣ್ಣ ನಮ್ಮನ್ನು ಕರೆದುಕೊಂಡು ಹೋಗಿ, ಡಾಂಬರು ರಸ್ತೆಯ ನಡುಮಧ್ಯೆ ನಿಂತು ಕಾಲಲ್ಲಿ ತಟ್ಟಿ ತೋರಿಸಿದ: ‘ಇಲ್ಲೈತೆ. ಎರಡು ಸಲ ಡಾಂಬರು ಹಾಕವ್ರೆ ಇದ್ರ ಮ್ಯಾಲೆ.’ ತೊಳೆಯುವ ಬಾಯಿಯನ್ನೇ ಮುಚ್ಚಿ ಮೇಲೆ ರಸ್ತೆ ಉದ್ಘಾಟನೆ ಮಾಡಿದ್ದರು. ಇನ್ನೊಂದು ವಾಲ್ವಿನ ಚೇಂಬರು ತುಂಬ ಮೋರಿ ನೀರು. ಅದಕ್ಕೆ ಇಳಿದು ತಿರುಗಿಸಬೇಕಾದವನೂ ಆ ಅಣ್ಣನೇ. ಕಾಲಿಗೆ ಬೂಟಿಲ್ಲ, ಕೈಗೆ ಗ್ಲೌಸಿಲ್ಲ, ಕೆಲಸ ಖಾಯಂ ಇಲ್ಲ. ಮೇಲೆ ನಿಂತೇ ತಿರುಗಿಸುವ ಉದ್ದನೆ ಕೀಲಿ ಇರುತ್ತದೆ, ಇಂಗ್ಲಿಷಿನ ಟಿ ಅಕ್ಷರದ ಹಾಗೆ. ಅದನ್ನೂ ಕೊಟ್ಟಿರಲಿಲ್ಲ. ಅವನನ್ನು ಬೈಯುವುದು ಸುಲಭ, ನೀರು ಬರದಿದ್ದರೆ ನಾವೇ ಬೈಯುತ್ತೇವೆ. ಬೈಯುವ ಮುಂಚೆ, ಅವನ ಕೈಗೆ ಕೀಲಿ ಕೊಡದವರು ಯಾರು ಅಂತ ಕೇಳಬೇಕು.

ವಾಲ್ವಿನ ಬಾಯಿ ಎಲ್ಲಿಗೆ ತೆರೆಯುತ್ತದೆ ಅನ್ನುವುದೂ ಮುಖ್ಯ. ಬಾಯಿ ಮೋರಿಯಲ್ಲಿ ಮುಳುಗಿದ್ದರೆ, ವಾಲ್ವು ತುಸು ಸೋರಿದರೂ ಸಾಕು, ನೀರು ನಿಂತ ಹೊತ್ತಿನಲ್ಲಿ ಅದೇ ಬಾಯಿ ಮೋರಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಬಾಯಿಗೂ ಮೋರಿಯ ನೀರಿಗೂ ನಡುವೆ ಗಾಳಿ ಆಡುವಷ್ಟು ಎತ್ತರ ಇರಲೇಬೇಕು.

ಇನ್ನು ಒಂದು ಮಾತು. ಕೊಳವೆಯ ಒತ್ತಡವೇ ಕಮ್ಮಿ ಇದ್ದರೆ ವಾಲ್ವು ತೆರೆದರೂ ನೀರು ಬೇಕಾದಷ್ಟು ಜೋರಾಗಿ ಬರುವುದಿಲ್ಲ, ಬಗ್ಗಡ ಕದಡಿ ಅಲ್ಲೇ ಉಳಿಯುತ್ತದೆ. ಟ್ಯಾಂಕು ತುಂಬಿದಾಗ, ಬೇರೆ ಬೀದಿಗಳನ್ನೆಲ್ಲ ಮುಚ್ಚಿ, ಇಡೀ ಟ್ಯಾಂಕಿನ ಒತ್ತಡವನ್ನು ಕೇರಿಯ ಕೊಳವೆಗೆ ಕೊಡಬೇಕು. ಹತ್ತು ನಿಮಿಷ ಇಡೀ ಊರಿನ ನೀರು ಕೇರಿಗೆ! ಇದನ್ನು ಕೇಳಿದ ಕೂಡಲೇ ಕೆಲವರಿಗೆ ತಳಮಳ ಆಗುತ್ತದೆ. ಆಗಲಿ.

ಇದಕ್ಕಿಂತ ಹೆಚ್ಚು ತಳಮಳ ಹುಟ್ಟಿಸುವ ಪರಿಹಾರ ಇನ್ನೊಂದಿದೆ. ಅದು ನಮ್ಮ ಘೋಷಣೆಯಲ್ಲ, ಎಂಜಿನಿಯರಿಂಗ್ ಪುಸ್ತಕದ್ದೇ ಮಾತು. ಸತ್ತ ತುದಿಯನ್ನು ಬಿರಡೆ ಹಾಕಿ ಬಿಡಬೇಡಿ, ಪಕ್ಕದ ಬೀದಿಯ ಕೊಳವೆಗೆ ಸೇರಿಸಿ, ಬಳೆಯ ಹಾಗೆ ಸುತ್ತು ಮಾಡಿ ಅಂತ. ಸುತ್ತಾದರೆ ನೀರು ಎರಡು ಕಡೆಯಿಂದ ಬರುತ್ತದೆ, ನಿಲ್ಲುವುದು ಕಮ್ಮಿಯಾಗುತ್ತದೆ, ಒಂದು ಕಡೆ ಒಡೆದರೂ ಇನ್ನೊಂದು ಕಡೆಯಿಂದ ಸಿಗುತ್ತದೆ. ಅಂದರೆ ಕೇರಿಯ ಕೊಳವೆಯ ತುದಿ ಮೋರಿ ದಾಟಿ ಊರಿನ ಕೊಳವೆಗೆ ಕೂಡಬೇಕು. ನಮ್ಮ ನೀರು ಅವರ ಕಡೆಗೂ ಅವರ ನೀರು ನಮ್ಮ ಕಡೆಗೂ ಹರಿಯಬೇಕು. ನಾವು ಇದನ್ನು ಕೇಳಿದಾಗ ಒಬ್ಬ ಅಧಿಕಾರಿ ದನಿ ತಗ್ಗಿಸಿ, ‘ಟೆಕ್ನಿಕಲಿ ಸರಿ. ಆದ್ರೆ ಮೇಲಿನ ಬೀದಿಯೋರು ಒಪ್ಪಬೇಕಲ್ಲ’ ಅಂದರು. ಆ ‘ಆದ್ರೆ’ ಇದೆಯಲ್ಲ, ಅದರ ಮೇಲೆ ಯಾವ ಎಸ್ಟಿಮೇಟಿನಲ್ಲೂ ದುಡ್ಡು ತೋರಿಸಿರುವುದಿಲ್ಲ. ಅದೇ ಎಲ್ಲಕ್ಕಿಂತ ದುಬಾರಿ.

ಎಷ್ಟು ದುಬಾರಿ ಅಂತ ಚಿತ್ರದುರ್ಗವನ್ನು ಕೇಳಬೇಕು. 2023ರ ಆಗಸ್ಟಿನ ಆರಂಭದಲ್ಲಿ ಅಲ್ಲಿನ ಕವಾಡಿಗರಹಟ್ಟಿಯ ದಲಿತರ ಬಡಾವಣೆಯಲ್ಲಿ ನಲ್ಲಿ ನೀರು ಕುಡಿದು ನೂರಕ್ಕೂ ಹೆಚ್ಚು ಜನ ವಾಂತಿ ಭೇದಿಯಿಂದ ಆಸ್ಪತ್ರೆ ಸೇರಿದರು. ಸಾವುಗಳಾದವು. ನೀರಿಗೆ ವಿಷ ಹಾಕಿದ್ದಾರೆ ಅಂತ ಜನ ಮೊದಲು ಅನುಮಾನಪಟ್ಟರು. ಹಾಗೆ ಅನುಮಾನಪಡುವುದನ್ನು ನಮಗೆ ಚರಿತ್ರೆಯೇ ಕಲಿಸಿದೆ. ಆಮೇಲೆ ಕಾಲರಾ ರೋಗಾಣು ಪತ್ತೆಯಾದ ವರದಿಗಳು ಬಂದವು. ಅಲ್ಲಿ ಯಾವ ವಾಲ್ವು ಹೇಗಿತ್ತು ಅಂತ ನಾವು ಇಲ್ಲಿ ಕೂತು ತೀರ್ಪು ಕೊಡುವುದಿಲ್ಲ. ಒಂದು ಮಾತ್ರ ಹೇಳುತ್ತೇವೆ: ಆಸ್ಪತ್ರೆ ವಾರ್ಡು ತುಂಬಿದ ಮೇಲೆ ಮಂತ್ರಿಗಳು ಬರುತ್ತಾರೆ, ಪರಿಹಾರ ಬರುತ್ತದೆ, ಅಮಾನತು ಆಗುತ್ತದೆ. ವಾಲ್ವು ತಿರುಗಿಸುವ ದಿನ ಬರಲಿಕ್ಕೆ ಯಾವ ಮಂತ್ರಿಯೂ ಬೇಕಿಲ್ಲ, ಒಂದು ಕೀಲಿ ಮತ್ತು ಒಂದು ರಿಜಿಸ್ಟರು ಸಾಕು.

ಆದ್ದರಿಂದ ನಾವು ಕೇಳುವುದು ದೊಡ್ಡದೇನಲ್ಲ. ನಮ್ಮ ವಾರ್ಡಿನ ಕೊಳವೆಯ ನಕ್ಷೆ ಕೊಡಿ. ತೊಳೆವಾಲ್ವು ಎಲ್ಲಿದೆ ಗುರುತು ಮಾಡಿ, ಡಾಂಬರಿನಡಿ ಇದ್ದರೆ ಅಗೆದು ಮೇಲೆ ತನ್ನಿ. ಕಳೆದ ಎರಡು ವರ್ಷದಲ್ಲಿ ಅದನ್ನು ಯಾವ ಯಾವ ತಾರೀಖು ತೆರೆದಿರಿ, ಎಷ್ಟು ನಿಮಿಷ, ತೊಳೆದ ಮೇಲೆ ಕೊನೆ ನಲ್ಲಿಯಲ್ಲಿ ಕ್ಲೋರಿನ್ ಎಷ್ಟಿತ್ತು ಅಂತ ಬರೆದು ಕೊಡಿ. 2005ರ ಮಾಹಿತಿ ಹಕ್ಕು ಕಾಯ್ದೆಯಲ್ಲಿ ಇದನ್ನು ಕೇಳಬಹುದು, ಅರ್ಜಿ ಶುಲ್ಕ ಹತ್ತೇ ರೂಪಾಯಿ, ಬಿಪಿಎಲ್ ಕಾರ್ಡಿನವರಿಗೆ ಅದೂ ಇಲ್ಲ. ಮೂವತ್ತು ದಿನದಲ್ಲಿ ಉತ್ತರ ಕೊಡಬೇಕು. ‘ಅಂಥ ರಿಜಿಸ್ಟರು ಇಲ್ಲ’ ಅಂತ ಬಂದರೂ ಅದು ಉತ್ತರವೇ, ಅದನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಅವರ ಲೆಕ್ಕ ಅವರಿಗಿರಲಿ, ನಮ್ಮ ಲೆಕ್ಕ ನಮಗಿರಲಿ. ಕ್ಲೋರಿನ್ ನೋಡುವ ಸಣ್ಣ ಡಬ್ಬಿ ಸಿಗುತ್ತದೆ. ನೀರಿಗೆ ಡಿಪಿಡಿ ಮಾತ್ರೆ ಹಾಕಿದರೆ ಗುಲಾಬಿ ಬಣ್ಣ ಬರಬೇಕು. ಬಣ್ಣವೇ ಬರಲಿಲ್ಲ ಅಂದರೆ ಕ್ಲೋರಿನ್ ಇಲ್ಲ. ಇನ್ನೊಂದು ಸಣ್ಣ ಬಾಟಲಿ ಇದೆ, ಅದಕ್ಕೆ ನೀರು ತುಂಬಿ ಬೆಚ್ಚಗೆ ಇಟ್ಟು ಒಂದೆರಡು ದಿನ ಬಿಟ್ಟರೆ, ಮಲದ ಸೋಂಕು ಇದ್ದ ನೀರು ಕಪ್ಪಾಗುತ್ತದೆ. 2019ರಲ್ಲಿ ಶುರುವಾದ ಜಲ ಜೀವನ ಮಿಷನ್ನಿನಲ್ಲಿ ಹಳ್ಳಿಗಳ ಹೆಣ್ಣುಮಕ್ಕಳಿಗೇ ನೀರು ಪರೀಕ್ಷೆ ಕಲಿಸಿದರು. ಹಳ್ಳಿಯ ಅಕ್ಕ ಮಾಡುವುದನ್ನು ಪಟ್ಟಣದ ಕೇರಿಯ ಅಕ್ಕ ಮಾಡಬಾರದೇ? ಲ್ಯಾಬಿಗೆ ಕಳಿಸುವುದಾದರೆ ಮನೆಯ ಬಾಟಲಿಯಲ್ಲಿ ಕಳಿಸಬೇಡಿ, ಅವರೇ ಕೊಡುವ ಶುದ್ಧ ಬಾಟಲಿ ಕೇಳಿ ತನ್ನಿ. ಅದರೊಳಗೆ ಒಂಚೂರು ಪುಡಿಯಿರುತ್ತದೆ, ತೊಳೆದು ಚೆಲ್ಲಬೇಡಿ. ನೀರಿನಲ್ಲಿ ಉಳಿದ ಕ್ಲೋರಿನ್ ದಾರಿಯಲ್ಲಿ ರೋಗಾಣುಗಳನ್ನು ಕೊಂದು ಸಾಕ್ಷಿ ಅಳಿಸಿಬಿಡಬಾರದು ಅಂತ ಹಾಕಿರುತ್ತಾರೆ. ಎರಡು ಕಡೆ ನೀರು ಹಿಡಿಯಿರಿ: ಟ್ಯಾಂಕಿನ ಪಕ್ಕದ ಮೊದಲ ನಲ್ಲಿ, ನಮ್ಮ ಕೊನೆಯ ನಲ್ಲಿ. ಒಂದೇ ದಿನ. ತಾರೀಖು, ಹೊತ್ತು ಬರೆಯಿರಿ. ಮಳೆಗಾಲದಲ್ಲಿ ತಪ್ಪದೆ ಹಿಡಿಯಿರಿ. ಅಲ್ಲಿಯವರೆಗೆ ಕುಡಿಯುವ ನೀರನ್ನು ಕುದಿಸಿ, ಮುಚ್ಚಿಡಿ, ಕೊಡಕ್ಕೆ ಕೈ ಅದ್ದಬೇಡಿ. ಸೌದೆ ಗ್ಯಾಸಿಗೆ ದುಡ್ಡು ಬೇಕು ಅಂತ ನಮಗೂ ಗೊತ್ತು. ಅದಕ್ಕೇ ಇದನ್ನು ಪರಿಹಾರ ಅಂತ ಹೇಳ್ತಾ ಇಲ್ಲ, ಅಲ್ಲಿಯವರೆಗೆ ಅಂತ ಹೇಳ್ತಾ ಇದ್ದೀವಿ.

ಅರ್ಜಿ ಬರೆದು ತಂದಿದ್ದೇವೆ. ಒಂದು ಪ್ರತಿ ಗೋಡೆಗೆ ಅಂಟಿಸಿದೆ, ಓದಲು ಬಾರದವರಿಗೆ ಹುಡುಗರು ಓದಿ ಹೇಳುತ್ತಾರೆ. ಪೂರಾ ಕೇಳಿಸಿಕೊಂಡೇ ಸಹಿ ಮಾಡಿ. ಹೆಬ್ಬೆಟ್ಟು ಒತ್ತುವವರು ಈ ಕಡೆ ಬನ್ನಿ, ಶಾಯಿ ಡಬ್ಬಿ ಇಲ್ಲಿದೆ. ಸೋಮವಾರ ಹತ್ತೂವರೆಗೆ ಕಚೇರಿ ಬಾಗಿಲು ತೆಗೆಯುತ್ತದೆ. ಬರುವವರು ಬೆಳಗಿನ ನಲ್ಲಿಯ ಮೊದಲ ನೀರನ್ನು ಒಂದೊಂದು ಬಿಳಿ ಬಾಟಲಿಯಲ್ಲಿ ಹಿಡಿದು ತನ್ನಿ, ಮೇಜಿನ ಮೇಲೆ ಸಾಲಾಗಿ ಇಡೋಣ.